ಬೇಸಗೆಯಲ್ಲಿ ಮನೆಯ ತಂಪು

ನಾನಿರುವ ಊರು ಕಾರ್ಗಲ್. ಆ ಹೆಸರು ಕಿವಿಗೆ ಬಿದ್ದೊಡನೆ ಹೊರಗಿನವರಿಗೆ ನೆನಪಾಗುವುದು ಜೋಗದ ಜಲಪಾತ, ಲಿಂಗನಮಕ್ಕಿಯ ಅಣೆಕಟ್ಟು, ವಾರಗಟ್ಟಲೆ ಬಿಡದೆ ಹೊಯ್ಯುವ ಮಳೆ. "ನಿಮಗೇನು ಸ್ವಾಮಿ, ನೀರಿನ ಮಡಿಲಲ್ಲಿ ಕುಳಿತಿದ್ದೀರಿ; ಸೆಕೆಯ ಗೊಡವೆ ನಿಮಗೆಲ್ಲಿ?" ಎಂದು ಬಳ್ಳಾರಿಯ ಕಡೆಯ ಸ್ನೇಹಿತರೊಬ್ಬರು ನನ್ನನ್ನು ಹಾಸ್ಯಮಾಡುತ್ತಿದ್ದರು. ಅವರನ್ನು ಒಂದು ಸಲ ಏಪ್ರಿಲ್ ತಿಂಗಳ ಕೊನೆಯಲ್ಲಿ ಮನೆಗೆ ಕರೆದೆ. ಮೊದಲನೆಯ ರಾತ್ರಿ ಹನ್ನೆರಡು ಗಂಟೆಗೇ ಹಾಸಿಗೆ ಸುತ್ತಿಕೊಂಡು ಹೊರಗಿನ ಕಟ್ಟೆಗೆ ಬಂದರು. ಅವರ ಊರಿನದು ಒಣ ಬಿಸಿಲು. ನೆರಳಿಗೆ ಬಂದು ನಿಂತರೆ ಬೆವರು ಆರುತ್ತದೆ, ಆರುವಾಗ ಮೈಯ ಕಾವನ್ನೂ ಕೊಂಡೊಯ್ಯುತ್ತದೆ. ನಮ್ಮದು ಹಸಿ ಸೆಕೆ. ಬೆವರು ಬಂದದ್ದು ಮೈಮೇಲೆಯೇ ನಿಲ್ಲುತ್ತದೆ. ಹಾಸ್ಯವನ್ನು ಅವರು ಅಂದಿಗೆ ಬಿಟ್ಟರು.

ಈ ಹೊತ್ತು ನಾನು ಹೇಳಬೇಕಾದದ್ದು, ಬೇಸಗೆಯಲ್ಲಿ ಮನೆಯನ್ನು ಕಡಿಮೆ ಖರ್ಚಿನಲ್ಲಿ ತಂಪಾಗಿಡುವ ಬಗೆಯನ್ನು. ನಾನು ಇಂಜಿನಿಯರನಲ್ಲ, ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಹೇಳುವವನು. ಷಟ್ಪದಿಗೆ ಪ್ರಸ್ತಾರ ಹಾಕುವವನಿಗೆ ವಾಟು ಯೂನಿಟ್ಟುಗಳ ಲೆಕ್ಕವೇಕೆ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ನನ್ನ ಉತ್ತರ ಇಷ್ಟೆ: ಈ ವಿಷಯದಲ್ಲಿ ನಾನು ದೊಡ್ಡದೊಂದು ತಪ್ಪನ್ನು ಸ್ವಂತ ಹಣ ಹಾಕಿ ಮಾಡಿದ್ದೇನೆ. ಅದನ್ನು ತಿದ್ದಿಕೊಳ್ಳುವಾಗ ತಿಳಿದದ್ದನ್ನು ನಿಮ್ಮ ಮುಂದಿಡುತ್ತೇನೆ.

ಹಳಗನ್ನಡದಲ್ಲಿ 'ತಣ್' ಎಂಬ ಪುಟ್ಟ ಮಾತೊಂದಿದೆ. ತಣ್ಣೀರು ಅದರಿಂದ ಬಂತು. ತಂಗಾಳಿ ಅದರಿಂದ ಬಂತು. ಚಂದ್ರನನ್ನು ಕವಿಗಳು ತಂಗದಿರನೆಂದು ಕರೆದದ್ದೂ ಅದರಿಂದಲೇ. ನಮ್ಮ ಮಲೆನಾಡಿನ ಊಟದೆಲೆಯ ತಂಬುಳಿಯೂ ಅದೇ ವಂಶದ್ದು. ಈ ಮಾತುಗಳಲ್ಲೆಲ್ಲ ತಂಪನ್ನು ಕೊಡುವವರು ಯಾರೆಂದು ನೋಡಿ: ನೀರು, ಗಾಳಿ, ಇರುಳು, ಊಟ. ಇದನ್ನು ತರಗತಿಯಲ್ಲಿ ವರುಷವರುಷವೂ ಹುಡುಗರಿಗೆ ಬಿಡಿಸಿ ಹೇಳುತ್ತಿದ್ದವನಿಗೆ ತನ್ನ ಮನೆ ಕಟ್ಟುವಾಗ ಮಾತ್ರ ಅದು ನೆನಪಿಗೆ ಬರಲಿಲ್ಲ.

ನಮ್ಮ ತಂದೆಯವರು ಶರಾವತಿಯ ಕಣಿವೆಯವರು. ಲಿಂಗನಮಕ್ಕಿಯ ಅಣೆಕಟ್ಟು 1964ರಲ್ಲಿ ಮುಗಿದು ನೀರು ನಿಂತಾಗ ಅವರ ಊರು ಮುಳುಗಿತು. ಹೊರಡುವ ಮುನ್ನ ಅವರು ಮನೆಯನ್ನು ಬಿಚ್ಚಿ ಕಂಬ, ತೊಲೆ, ಬಾಗಿಲುಗಳನ್ನು ಗಾಡಿಯ ಮೇಲೆ ಹೇರಿಕೊಂಡು ಬಂದರು. ಆ ಮರಮುಟ್ಟುಗಳಿಂದಲೇ ಈಚೆ ದಡದಲ್ಲಿ ಒಂದು ಹಂಚಿನ ಮನೆ ಕಟ್ಟಿದರು. ಗೋಡೆ ಕೆಮ್ಮಣ್ಣಿನದು, ಒಂದೂವರೆ ಮೊಳ ದಪ್ಪ. ಮಾಡಿನ ಸೂರು ಗೋಡೆಯನ್ನು ದಾಟಿ ಆಳುದ್ದ ಮುಂದಕ್ಕೆ ಬಂದು ಬಾಗಿತ್ತು. ಮುಂದೆ ಜಗುಲಿ, ಅದರ ಮುಂದೆ ಅಂಗಳ. ಮಾಘಮಾಸ ಕಳೆಯುವುದರೊಳಗೆ ಅಂಗಳಕ್ಕೆ ಅಡಕೆಮರದ ದಬ್ಬೆಯ ಮೇಲೆ ಸೋಗೆ ಹೊದಿಸಿ ಚಪ್ಪರ ಹಾಕುತ್ತಿದ್ದರು. ತಲೆಯ ಮೇಲೆ ಹಲಗೆಯ ಅಟ್ಟ, ಅದರ ಮೇಲೆ ಹಂಚು. ಮನೆಯಲ್ಲಿ ಒಂದೇ ಒಂದು ಫ್ಯಾನಿತ್ತು. ಅದನ್ನು ನೆಂಟರು ಬಂದಾಗ ತಿರುಗಿಸುತ್ತಿದ್ದೆವು.

2011ರಲ್ಲಿ ನಾನು ಆ ಮನೆಯನ್ನು ಕೆಡವಿದೆ. ಕಾರಣಗಳಿದ್ದವು: ವರ್ಷವರ್ಷ ಹಂಚು ಕೈಯಾಡಿಸಬೇಕು, ಗೆದ್ದಲು ಹತ್ತಿತ್ತು, ಆಳು ಸಿಕ್ಕುತ್ತಿರಲಿಲ್ಲ. ಒಪ್ಪುವ ಕಾರಣಗಳೇ. ಆದರೆ ಹೊಸದಾಗಿ ಕಟ್ಟಿದ್ದೇನು? ಪಟ್ಟಣದ ನಕ್ಷೆಯಂತೆ ನಾಲ್ಕು ಚೌಕ ಗೋಡೆ, ಮೇಲೆ ಐದಂಗುಲದ ಕಾಂಕ್ರೀಟಿನ ತಾರಸಿ, ಸೂರಿಲ್ಲ, ಪಡುವಣ ಗೋಡೆಗೆ ಅಗಲವಾದ ಗಾಜಿನ ಕಿಟಕಿ. ಅಂಗಳದ ಹಲಸಿನ ಮರ ಗೋಡೆಗೆ ಅಡ್ಡವೆಂದು ಅದನ್ನೂ ಕಡಿಸಿದೆ. ಗೃಹಪ್ರವೇಶಕ್ಕೆ ಬಂದವರೆಲ್ಲ ಹೊಗಳಿದರು. ಮೊದಲ ಬೇಸಗೆಯಲ್ಲಿ ನನ್ನ ತಾಯಿ ಮಾತ್ರ ಒಂದು ಮಾತು ಹೇಳಿದರು: "ತಮಾ, ನಿನ್ನ ಮನೆ ಹಗಲಿಗೆ ಬಿಸ್ಲು ಕುಡೀತು, ರಾತ್ರೆಗೆ ಕಾರ್ತು."

ನಾನು ಆಗ ನಕ್ಕೆ. ಆದರೆ ವಿಜ್ಞಾನದ ಮೇಷ್ಟರು ಪುಸ್ತಕ ತೆರೆದು ವಿವರಿಸಿದ್ದೂ ಅದನ್ನೇ. ಕಾಂಕ್ರೀಟು ನಿಧಾನವಾಗಿ ಕಾಯುತ್ತದೆ, ನಿಧಾನವಾಗಿ ಆರುತ್ತದೆ. ನಡುಹಗಲಿನಲ್ಲಿ ಮೇಲುಮೈ ಕಾಲಿಡಲಾಗದಷ್ಟು ಸುಡುತ್ತದೆ. ಆ ಕಾವು ಇಂಚಿಂಚಾಗಿ ಕೆಳಗಿಳಿದು, ನಾವು ಊಟ ಮುಗಿಸಿ ಮಲಗುವ ಹೊತ್ತಿಗೆ ಸರಿಯಾಗಿ ಕೋಣೆಯೊಳಗೆ ಹೊರಡುತ್ತದೆ. ಹೊರಗೆ ತಂಗಾಳಿ ಬೀಸುತ್ತಿದ್ದರೂ ಒಳಗೆ ನಾವು ಒಲೆಯ ಮೇಲಿನ ಕಾವಲಿಯ ಕೆಳಗೆ ಮಲಗಿದಂತಿರುತ್ತದೆ. ಅಂಥ ಕೋಣೆಯಲ್ಲಿ ಫ್ಯಾನು ತಿರುಗಿದರೆ ಬರುವುದು ಬಿಸಿಗಾಳಿ.

2016ರ ಬೇಸಗೆಯಲ್ಲಿ ತಾಳಲಾರದೆ ಒಂದೂವರೆ ಟನ್ನಿನ ಏ.ಸಿ. ತಂದು ಹಾಕಿಸಿದೆ. ಟನ್ ಎಂಬ ಮಾತು ಕೇಳಿ ಪೆಟ್ಟಿಗೆಯ ತೂಕವಿರಬೇಕೆಂದುಕೊಂಡಿದ್ದೆ. ಹಾಗಲ್ಲ. ಒಂದು ಟನ್ ಮಂಜುಗಡ್ಡೆ ಇಪ್ಪತ್ತನಾಲ್ಕು ಗಂಟೆಯಲ್ಲಿ ಕರಗುವಾಗ ಎಷ್ಟು ಶಾಖವನ್ನು ಹೀರುತ್ತದೆಯೋ ಅಷ್ಟನ್ನು ಹೊರಹಾಕುವ ಬಲಕ್ಕೆ ಆ ಹೆಸರು. ಅಂದರೆ ಹಗಲೆಲ್ಲ ಬಿಸಿಲನ್ನು ನಾನೇ ಒಳಗೆ ಬಿಟ್ಟುಕೊಳ್ಳುವುದು, ರಾತ್ರಿ ಟನ್ನುಗಟ್ಟಲೆ ಮಂಜುಗಡ್ಡೆಯ ಕೆಲಸ ಮಾಡಿಸಿ ಅದನ್ನು ಹೊರದಬ್ಬುವುದು. ಇದಕ್ಕೆ ಗಂಟೆಗೆ ಒಂದರಿಂದ ಒಂದೂವರೆ ಯೂನಿಟ್ ವಿದ್ಯುತ್ತು. ತಿಂಗಳ ಬಿಲ್ಲು ನೋಡಿ ಮನೆಯಾಕೆ ಅದನ್ನು ದೇವರ ಪಟದ ಹಿಂದೆ ಸಿಕ್ಕಿಸಿಟ್ಟರು. ದೇವರಾದರೂ ನೋಡಲಿ ಎಂದು.

ಇನ್ನು ತಿದ್ದುಪಡಿಯ ಕಥೆ. ಅದು ಬಂದದ್ದು ಬಿಸಿಲಿನಿಂದಲ್ಲ, ಮಳೆಯಿಂದ. ನಮ್ಮ ಕಡೆಯ ಮಳೆಗೆ ಬಟ್ಟಂಬಯಲಿನಂಥ ತಾರಸಿ ಎಷ್ಟು ಕಾಲ ತಡೆದೀತು? ಕೆಲವೇ ಮಳೆಗಾಲಗಳಲ್ಲಿ ಸೋರತೊಡಗಿತು. ಮೇಸ್ತ್ರಿ ಬಂದು ನೋಡಿ, "ಮೇಷ್ಟ್ರೇ, ಎಷ್ಟು ಗಾರೆ ಬಳಿದರೂ ಅಷ್ಟೆ. ಮೇಲೊಂದು ಮಾಡು ಹಾಕಿಬಿಡಿ. ಅಡಕೆ ಒಣಗಿಸಲಿಕ್ಕೂ ಆಗ್ತದೆ" ಎಂದರು. ತಾರಸಿಯ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ, ಎರಡು ಕಡೆಗೂ ಇಳಿಜಾರು ಮಾಡಿ, ತಿಳಿಬಣ್ಣದ ತಗಡಿನ ಶೀಟು ಹೊದಿಸಿದೆವು. ಅಂಚನ್ನು ಗೋಡೆಯಿಂದ ನಾಲ್ಕಡಿ ಮುಂದಕ್ಕೆ ಚಾಚಿಸಿದೆವು. ಪಕ್ಕಗಳನ್ನು ತೆರೆದೇ ಬಿಟ್ಟೆವು. ಮುಂದಿನ ಬೇಸಗೆ ಬಂತು. ಏ.ಸಿ.ಯ ಗುಂಡಿ ಒತ್ತಬೇಕೆಂದು ಅನೇಕ ರಾತ್ರಿ ಅನ್ನಿಸಲೇ ಇಲ್ಲ. ತಾಯಿಯವರು ತಾರಸಿಗೆ ಹತ್ತಿ, ಶೀಟಿನ ಕೆಳಗೆ ಆಡುವ ಗಾಳಿಯನ್ನು ನೋಡಿ, "ಈಗ ಅಟ್ಟ ಆತು" ಎಂದರು. ಕೆಡವಿದ ಅಟ್ಟವನ್ನೇ ಎರಡನೆಯ ಸಲ ದುಡ್ಡು ಕೊಟ್ಟು ಕಟ್ಟಿಸಿದ್ದೆ.

ಹೇಳಬೇಕಾದ ಮುಖ್ಯ ಮಾತು ಇದೇ. ಒಳಗೆ ಬಂದ ಕಾವನ್ನು ಹೊರಗೆ ಅಟ್ಟುವುದು ದುಬಾರಿ. ಬಾರದಂತೆ ಹೊರಗೇ ತಡೆಯುವುದು ಅಗ್ಗ. ಉಳಿದದ್ದೆಲ್ಲ ಇದರ ವಿವರಣೆ.

ಕಾವು ಬರುವ ದಾರಿಗಳಲ್ಲಿ ಮೊದಲನೆಯದು ಮಾಡು. ನಮ್ಮ ಸಾಗರ ಸೀಮೆ ಸಮಭಾಜಕವೃತ್ತದಿಂದ ಸುಮಾರು ಹದಿನಾಲ್ಕು ಡಿಗ್ರಿ ಉತ್ತರಕ್ಕಿದೆ. ಏಪ್ರಿಲ್ ಕೊನೆಯ ಹೊತ್ತಿಗೆ ನಡುಹಗಲಿನ ಸೂರ್ಯ ಸರಿಯಾಗಿ ನೆತ್ತಿಯ ಮೇಲಿರುತ್ತಾನೆ. ಆಗ ತೆಂಕಣ ಗೋಡೆಗೆ ಬಿಸಿಲು ತಾಕುವುದು ತೀರ ಕಡಿಮೆ. ಬೀಳುವುದೆಲ್ಲ ಮಾಡಿನ ಮೇಲೆ. ಆದ್ದರಿಂದ ನೂರು ರೂಪಾಯಿ ಖರ್ಚುಮಾಡುವವರು ಮೊದಲು ಅದನ್ನು ಮಾಡಿಗೆ ಮಾಡಿ. ಮೇಲುಮಾಡು ಹಾಕಿಸಲು ಅನುಕೂಲವಿಲ್ಲದವರು ತಾರಸಿಗೆ ಸುಣ್ಣ ಬಳಿಯಿರಿ. ಬಿಳುಪು ಬಿಸಿಲನ್ನು ಹಿಂದಕ್ಕೆ ಕಳಿಸುತ್ತದೆ, ಕಪ್ಪು ನುಂಗುತ್ತದೆ. ತೆಲಂಗಾಣ ಸರ್ಕಾರ 2023ರಲ್ಲಿ ತಂಪು ಮಾಡುಗಳಿಗೆಂದೇ ಒಂದು ನೀತಿಯನ್ನು ಪ್ರಕಟಿಸಿತು. ಅಹಮದಾಬಾದಿನಲ್ಲಿ ಬಡವರ ಮನೆಗಳ ತಗಡಿಗೆ ಬಿಳಿಯ ಬಣ್ಣ ಬಳಿಸಿದ್ದಾರೆ. ಆದರೆ ಮಲೆನಾಡಿನವರು ಒಂದು ತೊಡಕನ್ನು ನೆನಪಿಡಬೇಕು. ನಮ್ಮ ಮಳೆಗೆ ಸುಣ್ಣ ನಿಲ್ಲದು. ಆಷಾಢ ಕಳೆಯುವುದರೊಳಗೆ ತಾರಸಿ ಪಾಚಿ ಹಿಡಿದು ಕಪ್ಪಾಗುತ್ತದೆ. ಹೋಳಿಹುಣ್ಣಿಮೆಯ ವೇಳೆಗೆ ಪಾಚಿಯನ್ನು ಉಜ್ಜಿ ತೆಗೆದು ವರ್ಷಕ್ಕೊಮ್ಮೆ ಬಳಿಯುವುದನ್ನು ಒಂದು ವ್ರತ ಮಾಡಿಕೊಳ್ಳಬೇಕು. ತೋಟವಿದ್ದವರ ಮನೆಯಲ್ಲಿ ಕೊಳೆರೋಗದ ಔಷಧಕ್ಕೆಂದು ತಂದ ಸುಣ್ಣ ಹೇಗೂ ಇದ್ದೇ ಇರುತ್ತದೆ.

ಎರಡನೆಯ ದಾರಿ ಪಡುವಣ ಗೋಡೆ. ಮಧ್ಯಾಹ್ನದ ಮೇಲೆ ಇಳಿಬಿಸಿಲು ಓರೆಯಾಗಿ ಬಂದು ಅದಕ್ಕೆ ಬಡಿಯುತ್ತದೆ. ಓರೆ ಬಿಸಿಲಿಗೆ ಸಣ್ಣ ಸಜ್ಜದಿಂದ ಪ್ರಯೋಜನವಿಲ್ಲ. ಅಲ್ಲಿ ಬೇಕಾದದ್ದು ನಿಂತ ನೆರಳು. ನಾನು ಮಾಡಿದ್ದು ಬಸಳೆಯ ಚಪ್ಪರ. ಗೋಡೆಯಿಂದ ಎರಡಡಿ ಬಿಟ್ಟು ಅಡಕೆ ದಬ್ಬೆ ಕಟ್ಟಿ ಹಬ್ಬಿಸಿದೆವು. ಗೋಡೆಗೆ ನೆರಳಾಯಿತು, ವಾರಕ್ಕೆರಡು ಸಲ ಹುಳಿಗೂ ಆಯಿತು. ತೊಂಡೆಯಾದರೂ ಆದೀತು. ಜಾಗವಿದ್ದವರು ಮರ ನೆಡಿ. ನಾನು ಕಡಿಸಿದ ಹಲಸಿನ ಸ್ಥಾನದಲ್ಲಿ ಇನ್ನೊಂದು ಹಲಸನ್ನು ನೆಟ್ಟಿದ್ದೇನೆ. ಅದರ ನೆರಳು ಗೋಡೆಯನ್ನು ಮುಟ್ಟುವ ಹೊತ್ತಿಗೆ ನನ್ನ ಪಿಂಚಣಿ ಆರಂಭವಾಗಿರುತ್ತದೆ.

ಮೂರನೆಯದು ಗಾಜಿನ ಕಿಟಕಿ. ಇಲ್ಲಿ ಎಲ್ಲರೂ ಮಾಡುವ ಒಂದು ತಪ್ಪುಂಟು: ಒಳಗಡೆ ದಪ್ಪ ಪರದೆ ಎಳೆದು ಬಿಸಿಲನ್ನು ತಡೆದೆವೆಂದು ತಿಳಿಯುವುದು. ಗಾಜನ್ನು ದಾಟಿದ ಬಿಸಿಲು ಒಳಗೆ ಬಂದಂತೆಯೇ. ಪರದೆ ತಾನು ಕಾದು ಕೋಣೆಯನ್ನು ಕಾಯಿಸುತ್ತದೆ. ತಡೆ ಗಾಜಿನ ಹೊರಗಿರಬೇಕು. ಸೋಗೆಯ ತಟ್ಟಿ, ಬಿದಿರಿನ ಚಾಪೆ, ತೋಟದ ಸಸಿಮಡಿಗೆ ಕಟ್ಟುವ ನೆರಳುಬಲೆ, ಯಾವುದಾದರೂ ಸರಿ.

ಗಾಳಿಯ ವಿಷಯ. ನಮ್ಮಲ್ಲಿ ಮಾರ್ಚ್ ತಿಂಗಳ ರಾತ್ರಿಗಳು ಇನ್ನೂ ತಂಪಾಗಿರುತ್ತವೆ. ಸಂಜೆ ಹೊರಗಿನ ಗಾಳಿ ತಣಿದ ಮೇಲೆ ಕಿಟಕಿಗಳನ್ನೆಲ್ಲ ತೆರೆದು, ಬೆಳಗ್ಗೆ ಒಂಬತ್ತರ ಸುಮಾರಿಗೆ ಬಿಸಿಲೇರುವ ಮುನ್ನ ಮುಚ್ಚಿದರೆ ಇರುಳಿನ ತಂಪು ಮಧ್ಯಾಹ್ನದವರೆಗೆ ಮನೆಯೊಳಗೆ ಉಳಿಯುತ್ತದೆ. ಹಗಲೆಲ್ಲ ತೆರೆದಿಟ್ಟು, ಸೊಳ್ಳೆಗೆ ಹೆದರಿ ರಾತ್ರಿ ಮುಚ್ಚುವುದು ಇದರ ವಿರುದ್ಧ ಕ್ರಮ. ಕಿಟಕಿಗೆ ಸೊಳ್ಳೆಯ ಜಾಲರಿ ಹಾಕಿಸುವ ಖರ್ಚು ಒಂದು ಸಲದ್ದು. ಬಿಸಿಗಾಳಿ ಮೇಲಕ್ಕೇರುವುದರಿಂದ ಗೋಡೆಯ ತುದಿಯಲ್ಲಿ ಒಂದು ಗವಾಕ್ಷಿಯಿದ್ದರೆ ಅದು ತಾನಾಗಿ ಹೊರಹೋಗುತ್ತದೆ.

ಇಷ್ಟಾದ ಮೇಲೆ ಫ್ಯಾನು. ಫ್ಯಾನು ಕೋಣೆಯನ್ನು ತಂಪುಮಾಡುವುದಿಲ್ಲ, ಕೋಣೆಯಲ್ಲಿರುವವರ ಮೈಯನ್ನು ತಂಪುಮಾಡುತ್ತದೆ. ಆದ್ದರಿಂದ ಯಾರೂ ಇಲ್ಲದ ಕೋಣೆಯಲ್ಲಿ ತಿರುಗುವ ಫ್ಯಾನು ಬಿಲ್ಲನ್ನು ಮಾತ್ರ ತಿರುಗಿಸುತ್ತದೆ. ಹಳೆಯ ಬಗೆಯ ಫ್ಯಾನಿಗೆ 75 ವಾಟ್ ಬೇಕು. ಈಗ ಬಂದಿರುವ ಬಿ.ಎಲ್.ಡಿ.ಸಿ. ಫ್ಯಾನಿಗೆ ಸುಮಾರು 30 ವಾಟ್ ಸಾಕು. ಮೂರು ಫ್ಯಾನು ದಿನಕ್ಕೆ ಹತ್ತು ಗಂಟೆ ತಿರುಗುವ ಮನೆಯಲ್ಲಿ ಹಳೆಯವಕ್ಕೆ ಎರಡೂಕಾಲು ಯೂನಿಟ್, ಹೊಸವಕ್ಕೆ ಒಂದು ಯೂನಿಟ್ಟಿಗೂ ಕಡಿಮೆ. ತಿಂಗಳಿಗೆ ನಲವತ್ತು ಯೂನಿಟ್ ಉಳಿತಾಯ. ನೀರಿನ ಕೂಲರಿನ ವಿಷಯದಲ್ಲಿ ಊರು ನೋಡಿ ನಡೆಯಬೇಕು. ಕಲಬುರಗಿ ಬಳ್ಳಾರಿಗಳ ಒಣಹವೆಗೆ ಅದು ಒಪ್ಪುತ್ತದೆ, ಏ.ಸಿ.ಗಿಂತ ಬಹಳ ಅಗ್ಗ. ನಮ್ಮ ಹಸಿಹವೆಗೆ ಇನ್ನಷ್ಟು ತೇವ ಸೇರಿಸಿ ಸೆಕೆಯನ್ನು ಹೆಚ್ಚಿಸುತ್ತದೆ.

ಏ.ಸಿ.ಯನ್ನು ನಾನು ನಿಂದಿಸುವುದಿಲ್ಲ. ಮನೆಯಲ್ಲಿ ವೃದ್ಧರು, ರೋಗಿಗಳು, ಎಳೆಯ ಕೂಸುಗಳು ಇದ್ದಾಗ ಮೇ ತಿಂಗಳ ಕೆಲವು ರಾತ್ರಿ ಅದು ಬೇಕೇ ಆಗುತ್ತದೆ. ಹಾಗೆ ಬೇಕಾದಾಗ ಹದಿನೆಂಟಕ್ಕೆ ಇಳಿಸಿ ಕಂಬಳಿ ಹೊದೆಯಬೇಡಿ. 2020ರ ಜನವರಿಯಿಂದ ನಕ್ಷತ್ರದ ಗುರುತಿನ ಏ.ಸಿ.ಗಳು 24 ಡಿಗ್ರಿಗೆ ಹೊಂದಿಸಿಯೇ ಬರಬೇಕೆಂದು ಕೇಂದ್ರ ಸರ್ಕಾರ ನಿಯಮ ಮಾಡಿತು. ಒಂದೊಂದು ಡಿಗ್ರಿ ಏರಿಸಿದರೂ ಸುಮಾರು ನೂರಕ್ಕೆ ಆರು ಪಾಲು ವಿದ್ಯುತ್ತು ಉಳಿಯುತ್ತದೆಂಬುದು ಬಲ್ಲವರ ಅಂದಾಜು. 26ಕ್ಕೆ ಇಟ್ಟು ಮೇಲೆ ಫ್ಯಾನನ್ನು ಮೆಲ್ಲಗೆ ತಿರುಗಿಸಿ ನೋಡಿ. ನಿದ್ದೆ ಚೆನ್ನಾಗಿಯೇ ಬರುತ್ತದೆ.

"ಮೇಷ್ಟರೇ, 2023ರ ಆಗಸ್ಟಿನಿಂದ ಗೃಹಜ್ಯೋತಿ ಬಂದಿದೆಯಲ್ಲ, ವಿದ್ಯುತ್ತು ಪುಕ್ಕಟೆ, ಈ ಲೆಕ್ಕವೆಲ್ಲ ಯಾರಿಗೆ?" ಎಂದು ನನ್ನ ವಿದ್ಯಾರ್ಥಿಯೊಬ್ಬ ಕೇಳಿದ. ಎರಡು ಉತ್ತರ ಕೊಟ್ಟೆ. ಮೊದಲನೆಯದು ವ್ಯವಹಾರದ್ದು. ಆ ಯೋಜನೆಯ ನಿಯಮದಲ್ಲಿ ಮನೆಯ ಹಿಂದಿನ ಸರಾಸರಿ ಬಳಕೆಯ ಮೇಲೆ ನೂರಕ್ಕೆ ಹತ್ತು ಸೇರಿಸಿ, 200 ಯೂನಿಟ್ಟಿನ ಮಿತಿಯೊಳಗೆ ರಿಯಾಯಿತಿ ಗೊತ್ತುಮಾಡಿದರು; ತಿಂಗಳ ಬಳಕೆ 200 ದಾಟಿದರೆ ಇಡೀ ಬಿಲ್ಲನ್ನು ತೆರಬೇಕು. ಬೇಸಗೆಯಲ್ಲಿ ಆ ಗೆರೆಯನ್ನು ದಾಟಿಸುವುದು ಹೆಚ್ಚಾಗಿ ತಂಪಿನ ಖರ್ಚೇ.

ಎರಡನೆಯ ಉತ್ತರಕ್ಕೆ ಅವನನ್ನು ಅಣೆಕಟ್ಟಿನ ಕಡೆ ಕರೆದುಕೊಂಡು ಹೋದೆ. ಲಿಂಗನಮಕ್ಕಿಯ ನೀರು ತಳಕಳಲೆಯ ಮೂಲಕ ಹೋಗಿ, ಶರಾವತಿ ವಿದ್ಯುದಾಗಾರದಲ್ಲಿ ಸುಮಾರು 440 ಮೀಟರ್ ಕೆಳಗೆ ಧುಮುಕಿ ಹತ್ತು ಯಂತ್ರಗಳನ್ನು ತಿರುಗಿಸುತ್ತದೆ. ಹತ್ತೂ ಸೇರಿ 1035 ಮೆಗಾವಾಟ್. ವಿಜ್ಞಾನದ ಮೇಷ್ಟರು ಮಾಡಿಕೊಟ್ಟ ಲೆಕ್ಕದಂತೆ, ಸಾವಿರ ಲೀಟರ್ ನೀರು ಅಷ್ಟು ಎತ್ತರದಿಂದ ಬಿದ್ದರೆ ಹೆಚ್ಚುಕಡಿಮೆ ಒಂದು ಯೂನಿಟ್ ವಿದ್ಯುತ್ತು ಹುಟ್ಟುತ್ತದೆ. ನಮ್ಮ ಮನೆಯ ಏ.ಸಿ. ಒಂದು ರಾತ್ರಿಗೆ ಎಂಟು ಯೂನಿಟ್ ತೆಗೆದುಕೊಂಡರೆ ಎಂಟು ಸಾವಿರ ಲೀಟರ್ ನೀರು; ಫ್ಯಾನು ಬದಲಿಸಿ ತಿಂಗಳಿಗೆ ಉಳಿಸಿದ ನಲವತ್ತು ಯೂನಿಟ್ಟೆಂದರೆ ನಲವತ್ತು ಸಾವಿರ ಲೀಟರ್. ಆ ನೀರು ಮೇಲೆಯೇ ನಿಂತರೆ ಕಡುಬೇಸಗೆಯಲ್ಲಿ ಉಪಯೋಗಕ್ಕೆ ಬರುತ್ತದೆ. 2023ರಲ್ಲಿ ಮಳೆ ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಸಾರಬೇಕಾಯಿತು. ನೀರಿನ ಬೆಲೆ ಆಗ ಎಲ್ಲರಿಗೂ ತಿಳಿಯಿತು.

ನೀರು ತೀರ ಇಳಿದ ಬೇಸಗೆಗಳಲ್ಲಿ ಹಿನ್ನೀರಿನ ನಡುವೆ ಹಿರೇಭಾಸ್ಕರದ ಹಳೆಯ ಅಣೆಕಟ್ಟು ತಲೆಯೆತ್ತುತ್ತದೆ. 1948ರಲ್ಲಿ ಆರಂಭವಾದ ಜೋಗದ ಮೊದಲ ವಿದ್ಯುದಾಗಾರಕ್ಕೆ ನೀರು ಕೊಟ್ಟದ್ದು ಅದು; 1964ರಲ್ಲಿ ಅದೂ ಊರುಗಳೊಡನೆ ಮುಳುಗಿತು. ನನ್ನ ತಂದೆಯವರು ಅದನ್ನು ನೋಡಲು ಹೋದಾಗಲೆಲ್ಲ ತಮ್ಮ ಗದ್ದೆ ಇದ್ದ ದಿಕ್ಕಿಗೆ ಕೈ ತೋರಿಸಿ ಸುಮ್ಮನಾಗುತ್ತಿದ್ದರು. ಕಣಿವೆಯ ಜನ ನೆಲ ಬಿಟ್ಟು ಎದ್ದರು. ತುಮರಿಯ ಕಡೆ ಉಳಿದವರು 2025ರ ಜುಲೈಯಲ್ಲಿ ಸೇತುವೆ ತೆರೆಯುವವರೆಗೆ ಲಾಂಚಿಗೆ ಕಾದು ಹೊಳೆ ದಾಟಿದರು. ಈಗ ತಳಕಳಲೆ ಗೇರುಸೊಪ್ಪೆಗಳ ನಡುವೆ ನೀರನ್ನು ಮೇಲಕ್ಕೆತ್ತಿ ಮತ್ತೆ ಬೀಳಿಸುವ 2000 ಮೆಗಾವಾಟಿನ ಇನ್ನೊಂದು ಯೋಜನೆಯ ಮಾತಿದೆ. ಬೇಕೆನ್ನುವವರಿದ್ದಾರೆ, ಕಾಡಿಗೆ ಕೇಡೆನ್ನುವವರೂ ಇದ್ದಾರೆ. ಆ ವಾದವನ್ನು ನಾನಿಲ್ಲಿ ತೀರಿಸಲಾರೆ. ಆದರೆ ಬಯಲು ಗಾಜಿಗೆ ಒಂದು ತಟ್ಟಿ ಕಟ್ಟುವ ಸೋಮಾರಿತನಕ್ಕೆ ನದಿಯನ್ನು ದುಡಿಸುವುದು ಸರಿಯೆಂದು ಯಾರೂ ಹೇಳಲಾರರು. ಪುಕ್ಕಟೆಯ ಯೂನಿಟ್ಟಿಗೂ ಯಾರೋ ಬೆಲೆ ತೆತ್ತಿದ್ದಾರೆ. ನನ್ನ ಮಟ್ಟಿಗೆ ಅವರು ನನ್ನ ತಂದೆ.

ಕೊನೆಗೆ ಒಂದು ಸಣ್ಣ ಮನೆಪಾಠ ಕೊಡುತ್ತೇನೆ. ಮೇಷ್ಟರ ಅಭ್ಯಾಸ, ಬಿಡದು. ಬರುವ ಭಾನುವಾರ ಮಧ್ಯಾಹ್ನ ನಾಲ್ಕು ಗಂಟೆಗೆ ನಿಮ್ಮ ಮನೆಯ ಒಳಗೋಡೆಗಳನ್ನು ಒಂದೊಂದಾಗಿ ಅಂಗೈಯಿಂದ ಮುಟ್ಟಿ ನೋಡಿ. ಸ್ಟೂಲಿನ ಮೇಲೆ ನಿಂತು ತಲೆಯ ಮೇಲಿನ ತಾರಸಿಯನ್ನೂ ಮುಟ್ಟಿ. ರಾತ್ರಿ ಒಂಬತ್ತಕ್ಕೆ ಇನ್ನೊಮ್ಮೆ ಮುಟ್ಟಿ. ಎರಡು ಸಲವೂ ಬಿಸಿಯಾಗಿದ್ದ ಕಡೆ ಯಾವುದೋ ಅದರ ಹೊರಬದಿಗೆ ಈ ವರ್ಷ ನೆರಳು ಕೊಡಿ. ಮನೆಯಲ್ಲಿ ಹಿರಿಯರಿದ್ದರೆ ಹಳೆಯ ಮನೆಯಲ್ಲಿ ಎಲ್ಲಿ ಮಲಗುತ್ತಿದ್ದರೆಂದು ಅವರನ್ನು ಕೇಳಿ. ಉತ್ತರ ಹೇಳುತ್ತಾ ಅವರು ಗಾಳಿ ಬರುತ್ತಿದ್ದ ದಿಕ್ಕನ್ನೂ ತೋರಿಸುತ್ತಾರೆ. ನಾನು ಮನೆ ಕೆಡವುವ ಮುನ್ನ ಕೇಳಬೇಕಾಗಿದ್ದ ಪ್ರಶ್ನೆ ಅದು.